ಅಣ್ಣತಮ್ಮ ಚಕ್ರವರ್ತಿಗಳೂ ನಮ್ಮ ಮನೆಯ ಘಟ್ಟವೂ

ನಮ್ಮ ಮನೆತನದಲ್ಲಿ ನವರಾತ್ರಿಗೆ ಘಟ್ಟ ಹಾಕುತ್ತಾರೆ. ದೇವರ ಮುಂದೆ ಮಣ್ಣು ಹರವಿ, ಅದರಲ್ಲಿ ಗೋಧಿ, ಜೋಳ ಬಿತ್ತಿ, ನಡುವೆ ನೀರು ತುಂಬಿದ ತಾಮ್ರದ ತಂಬಿಗೆ ಇಟ್ಟು, ಪಕ್ಕದಲ್ಲಿ ನಂದಾದೀಪ ಹಚ್ಚುವುದು. ಹಬ್ಬ ಮುಗಿಯುವವರೆಗೆ ದೀಪ ಆರಬಾರದು, ಮನೆಗೆ ಬೀಗ ಬೀಳಬಾರದು. ಇದಕ್ಕೊಂದು ಕಟ್ಟಳೆಯಿದೆ. ಅಣ್ಣತಮ್ಮಂದಿರು ಕೂಡಿರುವವರೆಗೆ ಎಲ್ಲರಿಗೂ ಸೇರಿ ಒಂದೇ ಘಟ್ಟ, ಅದೂ ಹಿರಿಯನ ಮನೆಯಲ್ಲಿ. ತಮ್ಮ ತನ್ನ ಮನೆಯಲ್ಲಿ ಬೇರೆ ಘಟ್ಟ ಹಾಕಿದನೆಂದರೆ ಮನೆ ಒಡೆಯಿತೆಂದೇ ಅರ್ಥ. ಆಸ್ತಿ ಪಾಲಾಗಿರದಿದ್ದರೂ, ಇಬ್ಬರೂ ಒಟ್ಟಿಗೇ ಕೂತು ಉಣ್ಣುತ್ತಿದ್ದರೂ ಅದು ಲೆಕ್ಕಕ್ಕಿಲ್ಲ.

ಹುಬ್ಬಳ್ಳಿಯಲ್ಲಿ ಈ ಕಟ್ಟಳೆಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆ ಶುರುವಾದದ್ದು ಹಿರಿಯ ಮಗ ಸಿಡ್ನಿಯಲ್ಲಿ, ಕಿರಿಯ ಮಗ ಮೆಲ್ಬರ್ನಿನಲ್ಲಿ ಮನೆ ಮಾಡಿದ ಮೇಲೆ. ಹಿರಿಯ ಮಗ ನಮ್ಮವರು. ನಾವಿರುವುದು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ, ಮೈದುನ ಇರುವುದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ. ಅವನು, ಅವನ ಹೆಂಡತಿ, ಮಗಳು ಪ್ರತಿ ನವರಾತ್ರಿಗೂ ವಿಮಾನ ಹತ್ತಿ ನಮ್ಮಲ್ಲಿಗೆ ಬರುತ್ತಿದ್ದರು. ಶಾಲೆಯ ರಜೆ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬೀಳುವುದರಿಂದ ಹೇಗೋ ನಡೆದಿತ್ತು. ನಮ್ಮತ್ತೆ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ಅವರ ಸೂಟ್‌ಕೇಸು ಎಂದೂ ಪೂರ್ತಿ ಖಾಲಿಯಾದದ್ದನ್ನು ನಾನು ನೋಡಿಲ್ಲ. ಯಾವ ಹಬ್ಬ ಎಲ್ಲಿ, ಯಾರ ಮನೆಯ ಉಪ್ಪಿನಕಾಯಿ ಯಾರಿಗೆ, ಯಾರು ಯಾರಿಗೆ ಮೊದಲು ಫೋನ್ ಮಾಡಬೇಕು, ಎಲ್ಲವೂ ಅವರ ಅಪ್ಪಣೆಯಂತೆ. ಎರಡೂ ಮನೆಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ.

ನಾನು ಊರಲ್ಲಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದವಳು. ಇಲ್ಲಿಗೆ ಬಂದ ಮೇಲೆ ಮತ್ತೆ ಓದಿದೆ. ಪ್ರಬಂಧ ಬರೆದದ್ದು ರೋಮ್ ಸಾಮ್ರಾಜ್ಯದ ಕೊನೆಗಾಲದಲ್ಲಿ ಒಬ್ಬನ ಬದಲು ಇಬ್ಬರು, ಕೆಲವೊಮ್ಮೆ ನಾಲ್ವರು ಚಕ್ರವರ್ತಿಗಳು ಅಧಿಕಾರವನ್ನು ಹೇಗೆ ಹಂಚಿಕೊಂಡರು ಎಂಬುದರ ಮೇಲೆ. ಈಗ ಹೈಸ್ಕೂಲೊಂದರಲ್ಲಿ ಕಲಿಸುತ್ತೇನೆ. ಅಲ್ಲಿಯ ಮಕ್ಕಳಿಗೆ ಬೇಕಿರುವುದು ಸಿಂಹದ ಜೊತೆ ಹೊಡೆದಾಡುವವರ ಕಥೆ, ಅಧಿಕಾರ ಹಂಚಿಕೆಯಲ್ಲ. ಹಾಗಾಗಿ ನನ್ನ ವಿದ್ಯೆ ಮನೆಯವರ ಪಾಲಿಗೆ ಉಳಿಯಿತು. ಅತ್ತಿಗೆಗೆ ನಮ್ಮ ಕಡೆ ವೈನಿ ಎನ್ನುತ್ತಾರೆ. ಮೈದುನ ನನ್ನನ್ನು ‘ರೋಮ್ ವೈನಿ’ ಎಂದು ಕಾಡಿಸುತ್ತಿದ್ದ.

ಅವನಿಗೆ ಬಹಳ ಸೇರಿದ್ದು ಅಣ್ಣತಮ್ಮ ಚಕ್ರವರ್ತಿಗಳ ಕಥೆ. ಅಣ್ಣ ಸಿಪಾಯಿಗಿರಿಯಿಂದ ಮೇಲೆ ಬಂದವನು, ಸೈನ್ಯವೇ ಅವನನ್ನು ಆರಿಸಿತ್ತು. ಒಬ್ಬನಿಂದ ಇಷ್ಟು ದೊಡ್ಡ ರಾಜ್ಯ ಆಳಲಾಗದು, ಜೊತೆಗೊಬ್ಬ ಬೇಕು ಎಂದು ಸೈನಿಕರು ಪಟ್ಟುಹಿಡಿದರು. ಯಾರನ್ನು ಮಾಡಲಿ ಎಂದು ಅವನು ತನ್ನವರನ್ನು ಕೇಳಿದಾಗ ಒಬ್ಬ ಸೇನಾಪತಿ ಮುಖಕ್ಕೆ ಹೊಡೆದಂತೆ ಹೇಳಿದನಂತೆ: ನಿನ್ನವರ ಮೇಲೆ ಪ್ರೀತಿಯಿದ್ದರೆ ನಿನಗೊಬ್ಬ ತಮ್ಮನಿದ್ದಾನೆ, ರಾಜ್ಯದ ಮೇಲೆ ಪ್ರೀತಿಯಿದ್ದರೆ ಬೇರೆಯವರನ್ನು ಹುಡುಕು. ಅಣ್ಣ ಸಿಟ್ಟು ನುಂಗಿಕೊಂಡು ತಮ್ಮನನ್ನೇ ಮಾಡಿದ. ಮುಂದೆ ಇಬ್ಬರೂ ಒಂದೂರಲ್ಲಿ ಕೂತು ಸೇನಾಪತಿಗಳನ್ನು, ದಂಡನ್ನು, ಅರಮನೆಯ ಅಧಿಕಾರಿಗಳನ್ನು ಪಾಲು ಮಾಡಿಕೊಂಡರು. ಅಣ್ಣನಿಗೆ ಪಡುವಣ, ತಮ್ಮನಿಗೆ ಮೂಡಣ. ಆಮೇಲೆ ತಂತಮ್ಮ ದಾರಿ ಹಿಡಿದರು. ಮತ್ತೆ ಸಾಯುವವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಮ್ಮವರು ಇದನ್ನು ಕೇಳಿ, ಅವರಿಗೆ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವ ಹ್ಯೂಮ್ ಹೈವೇ ಇರಲಿಲ್ಲ ಪಾಪ ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ಆದರೂ ಅದು ಒಂದೇ ರಾಜ್ಯ ಎಂದು ನಾನು ವಾದಿಸಿದ್ದೆ. ಯಾಕೆಂದರೆ ಇಬ್ಬರಲ್ಲಿ ಯಾರು ಯಾವ ಊರಲ್ಲಿ ಕೂತು ಶಾಸನ ಹೊರಡಿಸಿದರೂ ತಲೆಬರಹದಲ್ಲಿ ಇಬ್ಬರ ಹೆಸರೂ ಇರುತ್ತಿತ್ತು, ಹಿರಿಯನದು ಮೊದಲು. ಮುಖ ನೋಡದಿದ್ದರೇನು, ಹೆಸರು ಬಿಡಲಿಲ್ಲ.

ಮೈದುನನ ಮಗಳು ಹನ್ನೆರಡನೆಯ ಇಯತ್ತೆಗೆ ಬಂದ ವರ್ಷ ಕಟ್ಟಳೆಗೆ ಧಕ್ಕೆ ಬಂತು. ನವರಾತ್ರಿಯ ಬೆನ್ನಿಗೇ ಪರೀಕ್ಷೆ. ಹುಡುಗಿ ಬರುವ ಹಾಗಿಲ್ಲ, ಅವಳನ್ನು ಬಿಟ್ಟು ತಾಯಿ ಬರುವ ಹಾಗಿಲ್ಲ. ಸಾಲದ್ದಕ್ಕೆ ಅವರು ಅದೇ ವರ್ಷ ರೆಂಟ್ ಮನೆ ಬಿಟ್ಟು ಸ್ವಂತ ಮನೆಗೆ ಹೋಗಿದ್ದರು. ಜುಲೈ ರಜೆಗೆ ನಾವು ಟಾರ್ನೀಟ್‌ಗೆ ಹೋದಾಗ ನನ್ನ ವಾರಗಿತ್ತಿ ಚಪಾತಿ ಲಟ್ಟಿಸುತ್ತ ವಿಷಯ ತೆಗೆದಳು. ಮೈಸೂರಿನವಳು, ಮೆಲುಮಾತಿನವಳು. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ನಂದಾದೀಪಕ್ಕೆ ಎಣ್ಣೆ ಹಾಕುವುದು ಅವಳೇ. ನನಗೆ ಅಷ್ಟು ತಾಳ್ಮೆಯಿಲ್ಲ.

“ಅಕ್ಕ, ಹೊಸ ಮನೇಲಿ ದೇವರಮನೆಗೆ ಅಂತ ಜಾಗ ಬಿಡ್ಸಿದ್ದೀವಿ. ನಮ್ಮ ಮನೇಲಿ ದೀಪ ಹಚ್ಚಿದ್ರೆ ಬೇರೆ ಆದಂಗೇನಾ?” ಎಂದಳು.

ನಾನು ಹಿಂದೆ ಕೂತಿದ್ದ ಅತ್ತೆಯ ಕಡೆ ನೋಡಿದೆ.

ಅತ್ತೆಯ ಹೆದರಿಕೆ ನನಗೆ ಗೊತ್ತಿತ್ತು. ಅವರು ಮದುವೆಯಾಗಿ ಬಂದ ಮನೆಯಲ್ಲಿ ನಮ್ಮ ಮಾವನವರೂ ಅವರ ತಮ್ಮನೂ ಕೂಡಿದ್ದರು. ಒಂದು ವರ್ಷ ಏನೋ ಮಾತಿಗೆ ಮಾತು ಬೆಳೆದು ತಮ್ಮ ಹಿತ್ತಿಲ ಕೋಣೆಯಲ್ಲಿ ತನ್ನದೇ ಘಟ್ಟ ಹಾಕಿದ. ವರ್ಷ ತುಂಬುವುದರೊಳಗೆ ಅಂಗಳದ ನಡುವೆ ಗೋಡೆ ಎದ್ದಿತು. ಅತ್ತೆ ಮತ್ತು ಅವರ ನೆಗೆಣ್ಣಿ, ಅಂದರೆ ಆ ತಮ್ಮನ ಹೆಂಡತಿ, ಒಂದೇ ನಳಕ್ಕೆ ಕೊಡ ಹಿಡಿದು, ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಲ್ಲುತ್ತಿದ್ದರಂತೆ. ಗೋಡೆಯಾಚೆ ಆ ತಮ್ಮ ತೀರಿಕೊಂಡ ಸುದ್ದಿ ಈಚೆಯವರಿಗೆ ಹಾಲಿನವನಿಂದ ತಿಳಿಯಿತು. ಈ ಕಥೆಯನ್ನು ಅತ್ತೆ ಹೇಳಿದ್ದು ಒಂದೇ ಸಲ. ಆದರೆ “ನಾ ಇರೋತನಕಾ ಒಂದ ಘಟ್ಟ” ಎಂಬ ಮಾತನ್ನು ಮಾತ್ರ ವರ್ಷವರ್ಷವೂ ಹೇಳುತ್ತಿದ್ದರು. ತಮ್ಮ ಹೊಟ್ಟೆಯಲ್ಲಿ ಹುಟ್ಟಿದವರೂ ಹಾಗೆ ಬೆನ್ನು ತಿರುಗಿಸಿದರೆ ಅದನ್ನು ನೋಡಲು ಬದುಕಿರಬಾರದು ಎಂಬುದು ಅವರ ಮನಸ್ಸಿನಲ್ಲಿದ್ದ ಒಂದೇ ಒಂದು ಚಿಂತೆ.

ಊಟದ ಹೊತ್ತಿಗೆ ಮಾತು ಗಂಡಸರಿಗೆ ತಲುಪಿತು. ನಮ್ಮವರು ಸಿಟ್ಟು ಬಂದರೆ ಕೂಗಾಡುವವರಲ್ಲ, ಮೊಸರನ್ನ ಕಲಸುತ್ತಲೇ ಇರುತ್ತಾರೆ. ಆ ದಿನ ಬಹಳ ಹೊತ್ತು ಕಲಸಿದರು. ಮೈದುನ ಮಗಳ ಪರೀಕ್ಷೆಯ ಬಗ್ಗೆ ಹೇಳಿದ, ಸ್ವಂತ ಮನೆಯ ಬಗ್ಗೆ ಹೇಳಲಿಲ್ಲ. ಎಲ್ಲರೂ ಅತ್ತೆಯ ಮುಖ ನೋಡಿದರು. ಅವರು ಎದ್ದು ಕೈ ತೊಳೆದರು. ಹಾಗೆ ಅವರು ಮಾತಿಲ್ಲದೆ ಎದ್ದದ್ದನ್ನು ನಾನು ಮೊದಲು ನೋಡಿದ್ದು ಅಂದೇ.

ಆಗ ನಾನು ಬಾಯಿ ಹಾಕಿದೆ. ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಎರಡೂ ಮನೆಯಲ್ಲಿ ಘಟ್ಟ ಹಾಕೋಣ, ಆದರೆ ಪೂಜೆ ಒಂದೇ ಎಂದೆ. ಪೂಜೆಗೆ ಮುಂಚೆ ಸಂಕಲ್ಪ ಮಾಡುತ್ತಾರಲ್ಲ, ಯಾವ ಗೋತ್ರದ ಯಾರು ಯಾರ ಸಲುವಾಗಿ ಈ ಪೂಜೆ ಮಾಡುತ್ತಿದ್ದೇವೆ ಎಂದು ಹೆಸರು ಹೇಳುವುದು, ಅದರಲ್ಲಿ ಎರಡೂ ಕಡೆ ಇಬ್ಬರ ಹೆಸರೂ ಬರಲಿ. ಅಲ್ಲಿ ಕೂತವನು ಇಲ್ಲಿಯವನ ಹೆಸರು ಹೇಳಲಿ, ಇಲ್ಲಿ ಕೂತವನು ಅಲ್ಲಿಯವನ ಹೆಸರು ಹೇಳಲಿ. ಎರಡೂ ಊರಿಗೆ ಗಡಿಯಾರ ಒಂದೇ, ವೀಡಿಯೊ ಕಾಲ್ ಹಚ್ಚಿದರೆ ಒಂದೇ ಮುಹೂರ್ತಕ್ಕೆ ಆಗುತ್ತದೆ. ಎರಡು ಊರು, ಒಂದು ರಾಜ್ಯ. ಮೈದುನ ‘ರೋಮ್ ವೈನಿ ಗೆದ್ರು’ ಎಂದ. ಅತ್ತೆ ಕೈ ಒರೆಸಿಕೊಂಡು ಬಂದು, ಆಗಲಿ ಎಂದರು. ಅವರಿಗೆ ಒಪ್ಪಿಗೆಯಾಗಿತ್ತೋ ಬೇರೆ ದಾರಿ ಕಾಣಲಿಲ್ಲವೋ ಹೇಳಲಾರೆ. ನನಗಂತೂ ನೆತ್ತಿಯ ಮೇಲೆ ಕಿರೀಟ ಇಟ್ಟಷ್ಟು ಸಂತೋಷವಾಯಿತು.

ಆ ವರ್ಷ ಅತ್ತೆ ಮೆಲ್ಬರ್ನಿನ ಸರದಿಯಲ್ಲಿದ್ದರು. ಪಾಡ್ಯದ ದಿನ ಬೆಳಿಗ್ಗೆ ನಮ್ಮ ಟ್ಯಾಬನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದೆವು. ಅಲ್ಲಿ ಪೂಜೆ ಮಾಡಿಸಲು ಬಂದಿದ್ದವರು ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಶನಿವಾರ ಭಾನುವಾರ ಪೌರೋಹಿತ್ಯ ಮಾಡುವ ಒಬ್ಬ ತರುಣ ಆಚಾರ್ಯರು. ಸಂಕಲ್ಪದಲ್ಲಿ ದೇಶ ಕಾಲ ಹೇಳುವಾಗ ಆಸ್ಟ್ರೇಲಿಯಾ ಯಾವ ದ್ವೀಪಕ್ಕೆ ಸೇರುತ್ತದೆ ಎಂಬ ಬಗ್ಗೆ ಅವರಿಗೂ ನಮ್ಮವರಿಗೂ ಸ್ವಲ್ಪ ಚರ್ಚೆಯಾಯಿತು. ಅಷ್ಟರಲ್ಲಿ ಅವರ ಕಡೆ ಧೂಪಕ್ಕೆ ಸ್ಮೋಕ್ ಅಲಾರಂ ಹೊಡೆದುಕೊಂಡು, ಹುಡುಗಿ ಪುಸ್ತಕ ಬಿಟ್ಟು ಓಡಿಬಂದು ಟವೆಲ್ ಬೀಸಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ನಮ್ಮವರು ಮೊದಲು ಹೇಳಿದರು. ತಮ್ಮ ಹೆಸರು, ತಮ್ಮನ ಹೆಸರು, ಎರಡೂ ಸಂಸಾರ. ಆಮೇಲೆ ಮೈದುನನ ಸರದಿ. ಆಚಾರ್ಯರು ಶಾಸ್ತ್ರದ ಪ್ರಕಾರ, ಕೂತು ಪೂಜೆ ಮಾಡುವವನ ಹೆಸರು ಮೊದಲು ಎಂದರು. ಮೈದುನ ತನ್ನ ಹೆಸರು ಹೇಳಿ, ಆಮೇಲೆ ಅಣ್ಣನ ಹೆಸರು ಹೇಳಿದ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ನಮ್ಮ ಯೋಜನೆಯಲ್ಲಿ ಎಲ್ಲವನ್ನೂ ಯೋಚಿಸಿದ್ದ ನಾನು, ಯಾರ ಹೆಸರು ಮೊದಲು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ರೋಮಿನಲ್ಲಿ ಅದನ್ನೇ ಮೊದಲು ಗೊತ್ತುಮಾಡುತ್ತಿದ್ದರು ಎಂದು ನೂರಾರು ಪುಟ ಬರೆದವಳು ನಾನು! ನಮ್ಮವರು ತಮ್ಮ ಹೆಸರು ಎರಡನೆಯದಾಗಿ ಬಂದದ್ದನ್ನು ಕೇಳಿ ದೀಪದ ಬತ್ತಿಯನ್ನು ಸರಿ ಮಾಡಿದರು. ಅದು ಸರಿಯಾಗಿಯೇ ಇತ್ತು. ಪರದೆಯ ಮೇಲೆ ಅತ್ತೆಯ ಮುಖ ಚಿಕ್ಕದಾಗಿ ಕಾಣುತ್ತಿತ್ತು. ಅವರು ನೋಡುತ್ತಿದ್ದುದು ದೇವರನ್ನಲ್ಲ, ಹಿರಿಯ ಮಗನನ್ನು.

ಮರುದಿನದಿಂದ ನಮ್ಮವರು ಪೂಜೆಯ ಹೊತ್ತಿಗೆ ಆ ಕಡೆಯ ಧ್ವನಿ ಬಂದ್ ಮಾಡಿದರು. ನೆಟ್‌ವರ್ಕ್ ಸರಿಯಿಲ್ಲ ಎಂದರು. ದಸರೆ ಮುಗಿದ ಮೇಲೆ ತಮ್ಮನ ಭಾನುವಾರದ ಫೋನು ಎರಡು ವಾರಕ್ಕೊಮ್ಮೆ ಆಯಿತು. ಆಮೇಲೆ ಅದರ ಬದಲು ವಾಟ್ಸಪ್‌ನಲ್ಲಿ ಶುಭೋದಯದ ಹೂವಿನ ಚಿತ್ರಗಳು ಬರತೊಡಗಿದವು. ಅವನಿಗೂ ಏನೋ ನೋವಾಗಿತ್ತು. ಅಣ್ಣ ನನ್ನ ಮನೆಗೆ ಬಂದಾಗ ದೇವರಮನೆಯ ಒಳಗೆ ಕಾಲಿಡಲಿಲ್ಲ ಎಂದು ಹೆಂಡತಿಯ ಮುಂದೆ ಹೇಳಿದ್ದನಂತೆ. ಅವಳು ನನಗೆ ಹೇಳಿದಳು, ನಾನು ನಮ್ಮವರಿಗೆ ಹೇಳಲಿಲ್ಲ. ನಮ್ಮವರು ಒಂದು ದಿನ ಬಟ್ಟೆ ಮಡಚುತ್ತ, ರೋಮನ್ನು ಮನೆಯೊಳಗೆ ತಂದವಳು ನೀನು ಎಂದರು. ಅಳಿಯನಲ್ಲ ಮಗಳ ಗಂಡ ಎಂಬಂತೆ, ಬೈಗುಳವನ್ನೇ ಬೈಗುಳವಲ್ಲದ ಹಾಗೆ ಹೇಳಿದರು. ನನಗೆ ಉರಿದುಹೋಯಿತು. ಆದರೆ ಹೇಳಿದ್ದು ಸುಳ್ಳಲ್ಲ.

ಮುಂದಿನ ವರ್ಷ ಅತ್ತೆ ಸಿಡ್ನಿಗೆ ಬಂದರು. ಇನ್ನೂ ಪಿತೃಪಕ್ಷ ನಡೆದಿರುವಾಗಲೇ ಒಂದು ಮಧ್ಯಾಹ್ನ ನನ್ನನ್ನೂ ನಮ್ಮವರನ್ನೂ ಕೂರಿಸಿಕೊಂಡು, ಟಾರ್ನೀಟ್‌ಗೆ ಫೋನ್ ಹಚ್ಚಿಸಿ, ನಾಲ್ವರಿಗೂ ಒಟ್ಟಿಗೆ ಹೇಳಿದರು.

“ಈ ಸಲ ಫೋನಿನ್ಯಾಗ ಪೂಜಿ ಬ್ಯಾಡ. ಅವರವರ ಮನ್ಯಾಗ ಅವರವರ ಘಟ್ಟ, ಅವರವರ ಹೆಸರು. ನಾ ಇದ್ದಾಗನ ಬ್ಯಾರೆ ಆಗಿಬಿಡ್ರಿ. ನನ್ನ ಕಣ್ಣ ಮುಂದ ಆದ್ರ ಜಗಳ ಇಲ್ಲದ ಆಗ್ತದ.”

ಇಷ್ಟು ವರ್ಷ ಯಾವ ಮಾತನ್ನು ಕಾಯ್ದುಕೊಂಡು ಬಂದಿದ್ದರೋ ಅದನ್ನು ಅವರೇ ಕೈಯಾರೆ ಮುರಿದರು. ಇಬ್ಬರು ಗಂಡುಮಕ್ಕಳೂ ಹೂಂ ಎಂದರು, ಉಹೂಂ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ. ಫೋನ್ ಇಟ್ಟ ಮೇಲೆ ಅಡುಗೆಮನೆಗೆ ಅವರ ಹಿಂದೆಯೇ ಹೋಗಿ ವಾದಕ್ಕೆ ನಿಂತೆ. ಹೀಗೆ ಮಾಡಬೇಡಿ ಎಂದೆ. ಒಬ್ಬ ಚಕ್ರವರ್ತಿ ಇನ್ನೊಬ್ಬನ ಹೆಸರು ಬಿಟ್ಟನೆಂದರೆ, ನೀನು ಚಕ್ರವರ್ತಿಯೇ ಅಲ್ಲ ಎಂದು ಹೇಳಿದ ಹಾಗೆ. ಅಲ್ಲಿಂದ ಮುಂದೆ ದಂಡು ಹೊರಡುವುದೇ ಬಾಕಿ. ಆ ಅಣ್ಣತಮ್ಮ ಚಕ್ರವರ್ತಿಗಳಿಗಿಂತ ಹಿಂದೆ ಒಬ್ಬ ಹಿರಿಯ ಚಕ್ರವರ್ತಿ ತಾನಿರುವಾಗಲೇ ಎಲ್ಲವನ್ನೂ ಹಂಚಿ, ಕಿರೀಟ ಬಿಚ್ಚಿಟ್ಟು, ಸಮುದ್ರದ ದಂಡೆಗೆ ಹೋಗಿ ಕೋಸು ಬೆಳೆಯುತ್ತ ಕೂತ. ಅವನ ಕಣ್ಣ ಮುಂದೆಯೇ ಹಂಚಿಕೊಂಡವರು ಬಡಿದಾಡಿದರು. ಬಿಡಿಸಲು ಅವನ ಕೈಲಾಗಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಬೇಳೆ ತೊಳೆದ ನೀರನ್ನು ಕರಿಬೇವಿನ ಕುಂಡಕ್ಕೆ ಸುರಿದು ಬಂದು ಕೇಳಿದರು.

“ನಿನ್ನ ಆ ಅಣ್ಣತಮ್ಮ ರಾಜರಿಗೆ ಅವ್ವ ಇದ್ದಿದ್ದಿಲ್ಲೇನು?”

ಯೋಚಿಸಿದೆ. ಅವರ ಅಪ್ಪನ ಬಗ್ಗೆ ಬರೆದಿಟ್ಟಿದ್ದಾರೆ. ಹುಡುಗನಾಗಿದ್ದಾಗ ಹಗ್ಗ ಮಾರುತ್ತಿದ್ದನಂತೆ, ಐವರು ಸಿಪಾಯಿಗಳು ಜಗ್ಗಿದರೂ ಅವನ ಕೈಯಿಂದ ಹಗ್ಗ ಬಿಡಿಸಲಾಗಲಿಲ್ಲವಂತೆ. ಅಪ್ಪನ ಹಗ್ಗದ ಸುದ್ದಿ ಉಳಿದಿದೆ, ಅವ್ವನ ಬಗ್ಗೆ ನಾನು ಓದಿದ್ದರಲ್ಲಿ ಎಲ್ಲೂ ಒಂದು ಅಕ್ಷರವಿಲ್ಲ. ಇಷ್ಟು ವರ್ಷದಲ್ಲಿ ಅದನ್ನು ನಾನೂ ಕೇಳಿಕೊಂಡಿರಲಿಲ್ಲ. ಗೊತ್ತಿಲ್ಲ ಅತ್ಯಾ ಎಂದೆ. ಅವರು ತಲೆಯಾಡಿಸಿ ಕುಕ್ಕರ್ ಮುಚ್ಚಿದರು.

ಪಾಡ್ಯ ಬಂತು. ಟ್ಯಾಬು ಡ್ರಾಯರಿನಲ್ಲೇ ಉಳಿಯಿತು. ಮಣ್ಣು, ಗೋಧಿ, ತಂಬಿಗೆ, ಎಲ್ಲ ಅತ್ತೆಯೇ ಮುಂದೆ ನಿಂತು ಸಿದ್ಧ ಮಾಡಿದರು. ದೀಪ ಹಚ್ಚುವಾಗ ನನಗೆ ವಾರಗಿತ್ತಿಯ ನೆನಪಾಯಿತು. ಅವಳಿಗಾದರೂ ತನ್ನ ಮನೆಯಲ್ಲಿ ತನ್ನ ದೀಪ ಸಿಕ್ಕಿತು ಎಂದುಕೊಂಡೆ. ನಮ್ಮವರು ಮಣೆಯ ಮೇಲೆ ಕೂತು, ಅಂಗೈಯಲ್ಲಿ ನೀರು, ಅಕ್ಷತೆ ಹಿಡಿದು ಸಂಕಲ್ಪ ಹೇಳತೊಡಗಿದರು. ಗೋತ್ರ ಹೇಳಿದರು, ತಮ್ಮ ಹೆಸರು ಹೇಳಿದರು, ನನ್ನ ಹೆಸರು, ಮಕ್ಕಳ ಹೆಸರು ಹೇಳಿದರು. ಅಲ್ಲಿಗೆ ನೀರು ಬಿಡಬೇಕು. ಬಿಡಲಿಲ್ಲ. ಬೆರಳ ಸಂದಿಯಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಯಾರ ಮುಖವನ್ನೂ ನೋಡದೆ, ತಮ್ಮನ ಹೆಸರು ಹೇಳಿದರು. ಅವನ ಹೆಂಡತಿಯ ಹೆಸರು, ಮಗಳ ಹೆಸರು ಹೇಳಿದರು. ಆಮೇಲೆ ನೀರು ಬಿಟ್ಟರು.

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಸಂಸಾರ ಮಾಡಿ, ಈ ಮನುಷ್ಯನ ಮೇಲೆ ಅಂದಿನಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ಅಪ್ಪಣೆ ಮೀರಿದ ಮಗನಿಗೆ ಒಂದು ಮಾತೂ ಹೇಳಲಿಲ್ಲ.

ಆರತಿಯಾದ ಮೇಲೆ ನನಗೆ ಒಂದೇ ತವಕ. ಅಲ್ಲಿ ಏನಾಯಿತು? ಅವನೂ ಹೇಳಿದನೋ, ಅಥವಾ ಅವ್ವ ಹೇಳಿದ ಹಾಗೆ ಕೇಳಿ ತನ್ನಷ್ಟಕ್ಕೆ ಮುಗಿಸಿದನೋ? ವಾರಗಿತ್ತಿಯನ್ನು ಕೇಳಿದರೆ ಸುಳ್ಳು ಹೇಳುವವಳಲ್ಲ. ಫೋನ್ ತೆಗೆದುಕೊಂಡು ಹಿತ್ತಿಲ ಬಾಗಿಲ ಕಡೆ ನಡೆದೆ. ಅತ್ತೆ ನನ್ನ ಹಿಂದೆಯೇ ಬಂದಿದ್ದರು. ಫೋನ್ ಹಿಡಿದ ನನ್ನ ಕೈಯ ಮೇಲೆ ಕೈ ಇಟ್ಟರು.

“ಹೇಳ್ಯಾನೋ ಇಲ್ಲೋ ಅಂತ ಕೇಳಬ್ಯಾಡ. ಕೇಳಿದ ದಿನಾನ ಬ್ಯಾರೆ ಆದ್ರಿ ಅಂತ ತಿಳಕೋ.”

ಅದು ಅಪ್ಪಣೆಯ ಧ್ವನಿಯಾಗಿರಲಿಲ್ಲ, ಕೈ ಮುಗಿದು ಬೇಡಿಕೊಳ್ಳುವವರ ಧ್ವನಿ. ನನಗೆ ಮೊದಲು ಸಿಟ್ಟೇ ಬಂತು. ಕೇಳುವುದೇ ನನ್ನ ಕಸುಬು. ಯಾವ ಕಾಲದಲ್ಲೋ ಸತ್ತವರ ಬಗ್ಗೆ ಯಾರು ಯಾರ ಹೆಸರು ಬರೆಸಿದರು, ಯಾರು ಬಿಟ್ಟರು ಎಂದು ಕೆದಕಿ ಕೆದಕಿ ತೆಗೆದವಳಿಗೆ, ಬದುಕಿರುವ ಮೈದುನನ ಬಗ್ಗೆ ಒಂದು ಮಾತು ಕೇಳಬಾರದು ಎಂದರೆ ಹೇಗೆ? ಆದರೂ ಫೋನನ್ನು ಜೇಬಿಗೆ ಹಾಕಿಕೊಂಡೆ.

ಸಂಜೆ ಮೈದುನನೇ ಫೋನ್ ಮಾಡಿದ. ಅಡುಗೆಮನೆಯ ಮೇಜಿನ ಮೇಲೆ ಸ್ಪೀಕರ್ ಹಚ್ಚಿ ನಮ್ಮವರು ಮಾತಿಗೆ ಕೂತರು. ಅತ್ತೆ ಅಲ್ಲೇ ನಾಳೆಯ ಮಾಲೆಗೆ ಹೂವು ಕಟ್ಟುತ್ತಿದ್ದರು. ಅಣ್ಣತಮ್ಮಂದಿರು ಕಾರಿನ ಸರ್ವಿಸಿನ ಬಗ್ಗೆ ಮಾತಾಡಿದರು, ಹುಡುಗಿಯ ಯೂನಿವರ್ಸಿಟಿಯ ಬಗ್ಗೆ ಮಾತಾಡಿದರು, ಮಾರ್ಟ್‌ಗೇಜ್ ಬಡ್ಡಿ ಏರಿದ್ದಕ್ಕೆ ಇಬ್ಬರೂ ಸೇರಿ ಬ್ಯಾಂಕನ್ನು ಬೈದರು. ಆಮೇಲೆ ಮಾತು ಮುಗಿಯಿತು. ಇಬ್ಬರೂ ಫೋನ್ ಇಡಲಿಲ್ಲ.

“ಮತ್ತ… ಪೂಜಿ ಆತಲ್ಲಾ?” ಎಂದರು ನಮ್ಮವರು.

“ಹೂಂ ಅಣ್ಣಾ, ಆತು.”

ಅತ್ತೆಯ ಬೆರಳು ದಾರದ ಮೇಲೆ ನಿಂತುಬಿಟ್ಟಿತು. ನಮ್ಮವರು ಬಾಯಿ ತೆರೆದರು, ಮುಚ್ಚಿಕೊಂಡರು. ಅಷ್ಟರಲ್ಲಿ ಅತ್ತೆ ಹೂವನ್ನು ಮಡಿಲಿನಿಂದ ಕೆಳಗಿಟ್ಟು ಫೋನಿಗೆ ಕೈ ಚಾಚಿದರು. ಸ್ಪೀಕರ್ ತೆಗೆಸಿ, ಕಿವಿಗೆ ಒತ್ತಿ ಹಿಡಿದುಕೊಂಡರು. ಅವರು ಕೇಳಿದರೆ ಅವನು ಇದ್ದದ್ದನ್ನೇ ಹೇಳುತ್ತಾನೆ, ಅವ್ವನ ಮುಂದೆ ಅವನು ಎಂದೂ ಸುಳ್ಳಾಡಿದವನಲ್ಲ. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ನಮ್ಮವರು ತಲೆ ತಗ್ಗಿಸಿ ಮೇಜನ್ನು ನೋಡುತ್ತ ಕೂತಿದ್ದರು.

“ಊಟಾತೇನಪಾ?” ಎಂದರು ಅತ್ತೆ.

ಅವನು ಏನೋ ಹೇಳಿದ. ಅವರು ಕೇಳಿಸಿಕೊಂಡು ಫೋನನ್ನು ಹಿರಿಯ ಮಗನ ಕೈಗೆ ಮರಳಿ ಕೊಟ್ಟರು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಉಂಡಾನಂತ,” ಎಂದರು.